ಬಲದ ದಾರಿ, ನೀರಿನ ದಾರಿ

ಮಾದರಿ ರೈಲಿನ ಲೇಔಟ್ ಎಂದರೆ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಕಣಿವೆಗಳನ್ನೆಲ್ಲ ಒಂದೇ ಅಳತೆಯ ಲೆಕ್ಕದಲ್ಲಿ ಕುಗ್ಗಿಸಿ ಕಟ್ಟಿದ ಪುಟ್ಟ ಭೂಪ್ರದೇಶ. ಅದರಲ್ಲಿ ನೋಡುವವರ ಕಣ್ಣು ಮೊದಲು ಹೋಗಿ ನಿಲ್ಲುವುದೂ, ಏನೋ ಸರಿಯಿಲ್ಲ ಎಂಬ ಅನುಮಾನ ಮೊದಲು ಹುಟ್ಟುವುದೂ ಸಾಮಾನ್ಯವಾಗಿ ಸೇತುವೆಯ ಬಳಿಯಲ್ಲೇ. ಮನೆಯೊಂದರ ಕಿಟಕಿ ತುಸು ದೊಡ್ಡದಾದರೂ ಮನೆ ಮನೆಯಾಗಿಯೇ ಉಳಿಯುತ್ತದೆ, ಎಲೆ ಒರಟಾದರೂ ಮರ ಮರವೇ. ಸೇತುವೆಯ ರೂಪವಾದರೋ ತನ್ನ ಮೇಲೆ ಬೀಳುವ ಭಾರಕ್ಕೆ ಎಂಜಿನಿಯರು ಕೊಟ್ಟ ಉತ್ತರವಾದ್ದರಿಂದ, ಒಂದು ಪಟ್ಟಿ ಇರಬೇಕಾದಲ್ಲಿ ಇಲ್ಲದಿದ್ದರೆ ಅಥವಾ ತೆಳ್ಳಗಿರಬೇಕಾದದ್ದು ದಪ್ಪಗಿದ್ದರೆ, ಎಂಜಿನಿಯರಿಂಗ್ ಓದದವರ ಕಣ್ಣಿಗೂ ಅದು ಚುಚ್ಚುತ್ತದೆ. ವಿಚಿತ್ರವೆಂದರೆ ಈ ಪುಟ್ಟ ಸೇತುವೆಗೆ ಭಾರದ ಚಿಂತೆಯೇ ಇಲ್ಲ. ಹಾಗಾಗಿ ಪೇಟೆಯಲ್ಲಿ ಸಿಗುವ ಸೇತುವೆ ಕಿಟ್‌ಗಳನ್ನು, ಅಂದರೆ ಬಿಡಿಭಾಗಗಳಾಗಿ ಬಂದು ಕೊಂಡವರೇ ಅಂಟಿಸಿ ಜೋಡಿಸಿಕೊಳ್ಳಬೇಕಾದ ಮಾದರಿಗಳನ್ನು, ಗಟ್ಟಿತನದಿಂದ ತೂಗುವುದು ವ್ಯರ್ಥ. ನಿಜವಾದ ಸೇತುವೆಯಲ್ಲಿ ಬಲವು ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆಯೋ ಆ ದಾರಿಯನ್ನು ಕಿಟ್ ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ಆಯ್ಕೆಗೆ ಒರೆಗಲ್ಲು. ಜೋಡಿಸಿದ ಮೇಲೆ ಅದಕ್ಕೆ ಹಳೆತನ ತರುವ ಕೆಲಸಕ್ಕೆ, ಹವ್ಯಾಸಿಗಳು ವೆದರಿಂಗ್ ಎಂದು ಕರೆಯುವ ಕೆಲಸಕ್ಕೆ, ಮಳೆನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಒರೆಗಲ್ಲು.

ಮಾದರಿ ರೈಲುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲಿನಲ್ಲಿ ಎಲ್ಲವೂ ನಿಜದ 87ನೆಯ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಅದಕ್ಕಿಂತ ಚಿಕ್ಕದಾದ ಎನ್ ಸ್ಕೇಲಿನಲ್ಲಿ 160ನೆಯ ಒಂದು ಭಾಗ, ಅಂತರ 9 ಮಿ.ಮೀ. ಆದರೆ ಉದ್ದ 87 ಪಟ್ಟು ಕುಗ್ಗಿತೆಂದರೆ ಎಲ್ಲವೂ ಅಷ್ಟೇ ಕುಗ್ಗಿತೆಂದು ಅರ್ಥವಲ್ಲ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ವಿವರಿಸಿದಂತೆ, ಒಂದು ತೊಲೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದರೆ ಅದರ ತೂಕ ಘನಗಾತ್ರವನ್ನು ಅವಲಂಬಿಸುತ್ತದೆ. ಎಚ್‌ಒ ಮಾದರಿಯಲ್ಲಿ ವಿಸ್ತೀರ್ಣ ಸುಮಾರು 7,600 ಪಟ್ಟು ಇಳಿಯುವಾಗ ಗಾತ್ರ ಮತ್ತು ತೂಕ 6.5 ಲಕ್ಷ ಪಟ್ಟಿಗೂ ಹೆಚ್ಚು ಇಳಿಯುತ್ತವೆ. ನೂರು ಟನ್ ತೂಗುವ ತುಂಬಿದ ವ್ಯಾಗನ್ನು ಈ ಲೆಕ್ಕದಲ್ಲಿ 150 ಗ್ರಾಮಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದರಿಂದ ಮಾದರಿ ಸೇತುವೆಯ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಹೊರೆ ನಿಜದ 87ನೆಯ ಒಂದು ಭಾಗವಷ್ಟೇ ಆಗಿ, ಉಕ್ಕಿಗಿಂತ ಎಷ್ಟೋ ದುರ್ಬಲವಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೂ ಅದು ಲೆಕ್ಕಕ್ಕಿಲ್ಲದಂತಾಗುತ್ತದೆ.

ಬಾಗುವಿಕೆಯ ಲೆಕ್ಕ ಮಾತ್ರ ಬೇರೆ, ಮತ್ತು ಅದು ಕುತೂಹಲದ್ದು. ಹೊರೆ ಬಿದ್ದಾಗ ವಸ್ತು ಎಷ್ಟು ಬಾಗುತ್ತದೆ ಎಂಬುದನ್ನು ನಿರ್ಧರಿಸುವ ಗುಣ ಬಿಗಿತ. ಉಕ್ಕಿನ ಬಿಗಿತ ಪಾಲಿಸ್ಟೈರೀನಿನ ಬಿಗಿತದ ಸುಮಾರು 65 ಪಟ್ಟು. ಉಕ್ಕಿನ ಸೇತುವೆಯೊಂದನ್ನು ಎಲ್ಲ ದಪ್ಪಗಳೂ ಸೇರಿ ಕರಾರುವಾಕ್ಕಾಗಿ ಎಚ್‌ಒ ಅಳತೆಗೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿ, ಅದರ ಮೇಲೆ ತೂಕವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದ ರೈಲನ್ನು ಓಡಿಸಿದರೆ, ಉದ್ದಕ್ಕೆ ಹೋಲಿಸಿದ ಬಾಗು ನಿಜದ ಸೇತುವೆಯ ಬಾಗಿನ ಮುಕ್ಕಾಲು ಪಾಲಿನಷ್ಟು ಬರುತ್ತದೆ. ಅಂದರೆ ಪ್ಲಾಸ್ಟಿಕ್ ಸೇತುವೆ ಬಹುಮಟ್ಟಿಗೆ ಉಕ್ಕಿನ ಸೇತುವೆಯಂತೆಯೇ ನಡೆದುಕೊಳ್ಳುತ್ತದೆ; ಇಂಥ ಹೊಂದಾಣಿಕೆಯನ್ನು ಯಾರೂ ಉದ್ದೇಶಪೂರ್ವಕವಾಗಿ ಏರ್ಪಡಿಸಿದ್ದಲ್ಲ. ಆದರೆ ಕರಾರುವಾಕ್ಕಾದ ದಪ್ಪವನ್ನು ಅಚ್ಚಿನಲ್ಲಿ ತೆಗೆಯಲಾಗುವುದಿಲ್ಲವಾದ್ದರಿಂದ ಕಿಟ್‌ಗಳು ಲೆಕ್ಕಕ್ಕಿಂತ ಹೆಚ್ಚು ಬಿಗಿಯಾಗಿಯೇ ಇರುತ್ತವೆ.

ಕಿಟ್‌ಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಸೇತುವೆಯ ಜಾತಿ ಮತ್ತು ಅದರ ಉದ್ದ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು. ರೈಲು ಸೇತುವೆಗಳಲ್ಲಿ ಎರಡು ಆಸರೆಗಳ ನಡುವಿನ ಅಂತರ ಕಡಿಮೆಯಿದ್ದಾಗ ಪ್ಲೇಟ್ ಗರ್ಡರ್ ಬಳಸುತ್ತಾರೆ. ಇದು ಉಕ್ಕಿನ ತಗಡನ್ನು ನಿಲ್ಲಿಸಿ, ಮೇಲಕ್ಕೂ ಕೆಳಕ್ಕೂ ಚಾಚುಪಟ್ಟಿಗಳನ್ನು ಜೋಡಿಸಿ ಮಾಡಿದ ತೊಲೆ. ಅಂತರ ಹೆಚ್ಚಾದಂತೆ ಇಂಥ ತೊಲೆಯ ಸ್ವಂತ ತೂಕವೇ ಹೊರೆಯಾಗುವುದರಿಂದ, ನಡುವಿನ ತಗಡನ್ನು ತೆಗೆದುಹಾಕಿ ಬಲ ಹರಿಯುವಲ್ಲಿ ಮಾತ್ರ ಪಟ್ಟಿಗಳನ್ನು ಉಳಿಸಿದ ಟ್ರಸ್, ಅಂದರೆ ತ್ರಿಕೋನಗಳ ಜಾಲ, ಮಿತವ್ಯಯದ್ದಾಗುತ್ತದೆ. ಭಾರತೀಯ ರೈಲ್ವೆಯ ಪ್ರಮಾಣಿತ ನಕ್ಷೆಗಳಲ್ಲಿ 12.2, 18.3, 24.4 ಮತ್ತು 30.5 ಮೀಟರುಗಳಿಗೆ ಪ್ಲೇಟ್ ಗರ್ಡರುಗಳೂ, 30.5ರಿಂದ ಮೊದಲಾಗಿ 45.7, 61 ಮತ್ತು 76.2 ಮೀಟರುಗಳಿಗೆ ಜಾಲ ಗರ್ಡರುಗಳೂ ಇರುವುದು ಈ ತರ್ಕದಿಂದಲೇ. ವಿಚಿತ್ರವೆನಿಸುವ ಈ ಅಂಕಿಗಳು 40, 60, 80, 100, 150 ಅಡಿಗಳ ಹಳೆಯ ಲೆಕ್ಕ ಮೆಟ್ರಿಕ್ ಉಡುಪು ತೊಟ್ಟದ್ದು.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಅಂಗಡಿಯ ಪೆಟ್ಟಿಗೆಗಳನ್ನು ನೋಡಿದರೆ ಬಹಳಷ್ಟು ಸಂಗತಿ ತಾನಾಗಿ ತಿಳಿಯಾಗುತ್ತದೆ. ಅಮೆರಿಕದ ಅಟ್ಲಾಸ್ ಕಂಪನಿಯ ಜನಪ್ರಿಯ ವಾರೆನ್ ಟ್ರಸ್ ಸೇತುವೆಯ ಉದ್ದ 9 ಇಂಚು, ಏಕೆಂದರೆ ಅದೇ ಕಂಪನಿಯ ನೇರ ಹಳಿತುಂಡಿನ ಉದ್ದವೂ 9 ಇಂಚು. ಒಂದು ತುಂಡು ಹಳಿ ತೆಗೆದು ಆ ಜಾಗದಲ್ಲಿ ಸೇತುವೆ ಕೂರಿಸಿದರೆ ಕೆಲಸ ಮುಗಿಯಿತು. ಅದನ್ನು 87ರಿಂದ ಗುಣಿಸಿದರೆ ಸಿಗುವುದು 20 ಮೀಟರು. ಅಷ್ಟು ಅಂತರಕ್ಕೆ ಯಾವ ರೈಲ್ವೆಯೂ ತಲೆಯ ಮೇಲೆ ಹಾದುಹೋಗುವ ಟ್ರಸ್ ಕಟ್ಟುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಎರಡು ಪ್ಲೇಟ್ ಗರ್ಡರುಗಳನ್ನು ಇಟ್ಟು ಮುಂದೆ ಸಾಗುತ್ತದೆ. ಸೇತುವೆ ಮುದ್ದಾಗಿದ್ದರೂ ಆಟಿಕೆಯಂತೆ ಕಾಣುವುದಕ್ಕೆ ಇದೇ ಕಾರಣ. ಅಲ್ಲಿ ತಪ್ಪಿರುವುದು ಅಚ್ಚಿನ ಗುಣಮಟ್ಟವಲ್ಲ, ಉದ್ದ. ಇದಕ್ಕೆ ಪ್ರತಿಯಾಗಿ ಸೆಂಟ್ರಲ್ ವ್ಯಾಲಿ ಕಂಪನಿಯ 150 ಅಡಿಯ ಪ್ರ್ಯಾಟ್ ಟ್ರಸ್ ಎಚ್‌ಒ ಅಳತೆಯಲ್ಲಿ ಸುಮಾರು 525 ಮಿ.ಮೀ. ಉದ್ದವಿದ್ದು, ಭಾರತದ 45.7 ಮೀಟರಿನ ಪ್ರಮಾಣಿತ ಅಂತರಕ್ಕೂ ಅದು ತಾಳೆಯಾಗುತ್ತದೆ. ಅರ್ಧ ಮೀಟರಿಗೂ ಉದ್ದದ ಸೇತುವೆಗೆ ಮನೆಯೊಳಗಿನ ಲೇಔಟಿನಲ್ಲಿ ಜಾಗ ಹುಡುಕುವುದು ಸುಲಭವಲ್ಲ ನಿಜ. ಜಾಗ ಇಲ್ಲದಿದ್ದಲ್ಲಿ ಟ್ರಸ್ಸನ್ನು ಗಿಡ್ಡ ಮಾಡುವುದಕ್ಕಿಂತ ಮೈಕ್ರೋ ಎಂಜಿನಿಯರಿಂಗ್ ಕಂಪನಿ ತಯಾರಿಸುವಂಥ 50 ಅಡಿಯ, ಅಂದರೆ ಎಚ್‌ಒದಲ್ಲಿ 175 ಮಿ.ಮೀ.ನ ಪ್ಲೇಟ್ ಗರ್ಡರನ್ನು ಆರಿಸುವುದು ಹೆಚ್ಚು ಪ್ರಾಮಾಣಿಕವಾದ ಪರಿಹಾರ.

ಟ್ರಸ್ಸನ್ನೇ ಆರಿಸಿದರೆ ಗಮನಿಸಬೇಕಾದದ್ದು ಅದರ ಪಟ್ಟಿಗಳ ದಪ್ಪದಲ್ಲಿರುವ ವ್ಯತ್ಯಾಸ. ಥಾಮಸ್ ಮತ್ತು ಕೇಲಬ್ ಪ್ರ್ಯಾಟ್ ಎಂಬ ಮಗ-ತಂದೆ 1844ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಲ್ಲಿ ನೆಟ್ಟನೆಯ ಪಟ್ಟಿಗಳು ಅದುಮುವ ಬಲವನ್ನೂ, ನಡುಭಾಗದ ಕಡೆಗೆ ಇಳಿಯುವ ಓರೆಪಟ್ಟಿಗಳು ಎಳೆಯುವ ಬಲವನ್ನೂ ಹೊರುತ್ತವೆ. ಪೊರಕೆ ಕಡ್ಡಿಯನ್ನು ಎಳೆದು ತುಂಡರಿಸುವುದು ಕಷ್ಟ, ಎರಡು ತುದಿ ಹಿಡಿದು ಒತ್ತಿದರೆ ಅದು ಥಟ್ಟನೆ ಬಾಗಿ ಸೋಲುತ್ತದೆ. ಒತ್ತಿದಾಗ ಹೀಗೆ ಬಾಗಿ ಸೋಲುವುದನ್ನು ಬಕ್ಲಿಂಗ್ ಎನ್ನುತ್ತಾರೆ, ಮತ್ತು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿದಂತೆ ಪಟ್ಟಿಯ ಉದ್ದ ಇಮ್ಮಡಿಯಾದರೆ ಅದು ತಾಳಬಲ್ಲ ಒತ್ತು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅದುಮಿಸಿಕೊಳ್ಳುವ ಕೆಲಸವನ್ನು ಗಿಡ್ಡ ಪಟ್ಟಿಗಳಿಗೂ, ಎಳೆಸಿಕೊಳ್ಳುವ ಕೆಲಸವನ್ನು ಉದ್ದದ ಓರೆಪಟ್ಟಿಗಳಿಗೂ ಹಂಚಿದ ಪ್ರ್ಯಾಟ್ ವಿನ್ಯಾಸ ಕಬ್ಬಿಣಕ್ಕೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು ವಿಲಿಯಂ ಹೋವ್ ರೂಪಿಸಿದ್ದ ಟ್ರಸ್ಸಿನಲ್ಲಿ ಇದು ತಿರುವುಮುರುವಾಗಿದ್ದು, ಅದರ ಓರೆಪಟ್ಟಿಗಳು ದಪ್ಪ ಮರದವು, ನೆಟ್ಟನೆಯವು ಕಬ್ಬಿಣದ ಸರಳುಗಳು. 1848ರ ವಾರೆನ್ ಟ್ರಸ್ಸಿನ ಮೂಲ ರೂಪದಲ್ಲಿ ಓರೆಪಟ್ಟಿಗಳು ಮಾತ್ರ ಇದ್ದು, ಒಂದಾದ ಮೇಲೊಂದರಂತೆ ಅದುಮನ್ನೂ ಎಳೆತವನ್ನೂ ಹೊರುತ್ತವೆ.

ಒಳ್ಳೆಯ ಕಿಟ್ಟಿನ ಪಕ್ಕ ಕಣ್ಣಿಟ್ಟು ನೋಡಿದರೆ ಈ ಇಡೀ ಇತಿಹಾಸ ಅಲ್ಲಿ ಬರೆದಿಟ್ಟಂತಿರುತ್ತದೆ. ಪ್ರ್ಯಾಟ್ ಮಾದರಿಯ ನೆಟ್ಟನೆಯ ಪಟ್ಟಿ ಪೆಟ್ಟಿಗೆಯಂತೆ ಅಗಲವಾಗಿ, ಎರಡು ಬದಿಗಳನ್ನು ಓರೆಯಾದ ಚಿಕ್ಕ ಚಿಕ್ಕ ಪಟ್ಟಿಗಳಿಂದ ಹೆಣೆದಂತೆ ಇರುತ್ತದೆ. ಲೇಸಿಂಗ್ ಎನ್ನುವ ಈ ಹೆಣಿಗೆಯ ಕೆಲಸ, ಹೆಚ್ಚು ಉಕ್ಕು ಬಳಸದೆ ಪಟ್ಟಿಯನ್ನು ಅಗಲಗೊಳಿಸಿ ಅದು ಬಾಗದಂತೆ ನೋಡಿಕೊಳ್ಳುವುದು. ನಡುವಿನ ಓರೆಪಟ್ಟಿಗಳಾದರೋ ತೆಳ್ಳಗಿರುತ್ತವೆ. ಅಗ್ಗದ ಕಿಟ್‌ಗಳಲ್ಲಿ ಎಲ್ಲ ಪಟ್ಟಿಗಳೂ ಒಂದೇ ದಪ್ಪವಾಗಿದ್ದು, ಹೆಣಿಗೆಯ ತೂತುಗಳು ಮುಚ್ಚಿಹೋಗಿ ಮೇಲ್ಮೈಯ ಗೆರೆಗಳಾಗಿ ಮಾತ್ರ ಉಳಿದಿರುತ್ತವೆ. ಸೆಂಟ್ರಲ್ ವ್ಯಾಲಿಯ ಕಿಟ್‌ಗಳನ್ನು ಹವ್ಯಾಸಿಗಳು ಮೆಚ್ಚುವುದು ಅವುಗಳ ಹೆಣಿಗೆ ತೆರೆದಿದ್ದು ಬೆಳಕು ಅದರ ಮೂಲಕ ಹಾಯುತ್ತದೆ ಎಂಬ ಕಾರಣಕ್ಕೆ. ಆ ಮೆಚ್ಚುಗೆಯ ಹಿಂದೆ ಸೂಕ್ಷ್ಮ ಕೆಲಸದ ಮೋಹವಿದ್ದರೂ, ಅವರಿಗೆ ಅರಿವಿಲ್ಲದೆಯೇ ಅದು ಆಯ್ಲರನ ಗಣಿತಕ್ಕೆ ಸಲ್ಲುವ ಮೆಚ್ಚುಗೆಯೂ ಹೌದು.

ದಪ್ಪದ ವಿಷಯದಲ್ಲಿ ಪ್ಲಾಸ್ಟಿಕ್ಕಿಗೆ ದಾಟಲಾಗದ ಗೆರೆಯೊಂದಿದೆ. ನಿಜದ ಸೇತುವೆಯ 10 ಮಿ.ಮೀ. ದಪ್ಪದ ಉಕ್ಕಿನ ತಗಡು ಎಚ್‌ಒದಲ್ಲಿ 0.11 ಮಿ.ಮೀ. ಆಗಬೇಕು, ಕರಗಿದ ಪ್ಲಾಸ್ಟಿಕ್ ಅಷ್ಟು ಕಿರಿದಾದ ಸಂದಿಯಲ್ಲಿ ಹರಿದು ಅಚ್ಚು ತುಂಬುವ ಮೊದಲೇ ಗಟ್ಟಿಯಾಗುವುದರಿಂದ ತಯಾರಕರು ಅದರ ನಾಲ್ಕೈದು ಪಟ್ಟು ದಪ್ಪಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ಆಮ್ಲದಿಂದ ಕೊರೆದ ತೆಳು ಹಿತ್ತಾಳೆ ತಗಡಿನ ಕಿಟ್‌ಗಳು ಈ ಮಿತಿಯನ್ನು ಬಹುಮಟ್ಟಿಗೆ ಮೀರುತ್ತವೆಯಾದರೂ ಅವಕ್ಕೆ ಬೆಸುಗೆಯ ಕೈಚಳಕ ಬೇಕು, ಬೆಲೆಯೂ ಏರುತ್ತದೆ. ಕ್ಯಾಂಬೆಲ್ ಕಂಪನಿ ಹೆಸರು ಮಾಡಿದ್ದು ಮರದ ಕಿಟ್‌ಗಳಲ್ಲಿ, ಅವುಗಳಲ್ಲೂ ಕಂಬಗಳ ಸಾಲಿನ ಮೇಲೆ ನಿಲ್ಲುವ ಟ್ರೆಸಲ್ ಸೇತುವೆಗಳಲ್ಲಿ. ಅಲ್ಲಿ ಮರವೇ ಮರವನ್ನು ಪ್ರತಿನಿಧಿಸುವುದರಿಂದ ದಪ್ಪದ ತೊಡಕಿಲ್ಲ. ಲೇಸರಿನಿಂದ ಕತ್ತರಿಸಿದ ರಟ್ಟಿನ ಕಿಟ್‌ಗಳು ಅಂಚಿನಲ್ಲಿ ಚೊಕ್ಕಟ, ಮೇಲ್ಮೈಯಲ್ಲಿ ಮಾತ್ರ ಚಪ್ಪಟೆ.

ಉಕ್ಕಿನ ಹಳೆಯ ಸೇತುವೆಯ ಮೇಲ್ಮೈಯನ್ನು ಮಾಡುವುದೇ ರಿವೆಟ್ಟುಗಳು, ಅಂದರೆ ಕೆಂಪಗೆ ಕಾಯಿಸಿ ತೂತಿನಲ್ಲಿ ತೂರಿಸಿ ಬಡಿದು ತಲೆ ಮೂಡಿಸಿದ ಮೊಳೆಗಳು. ಸಾಮಾನ್ಯ ಬಳಕೆಯ 22 ಮಿ.ಮೀ. ರಿವೆಟ್ಟಿನ ತಲೆ 35 ಮಿ.ಮೀ. ಅಗಲವಿದ್ದು, ಎಚ್‌ಒದಲ್ಲಿ 0.4 ಮಿ.ಮೀ., ಎನ್‌ನಲ್ಲಿ 0.22 ಮಿ.ಮೀ. ಆಗುತ್ತದೆ. ಮನುಷ್ಯನ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಕಿರಿಯ ಕೋನ ಒಂದು ಡಿಗ್ರಿಯ 60ನೆಯ ಒಂದು ಭಾಗ, 60 ಸೆಂ.ಮೀ. ದೂರದಲ್ಲಿ ಅದು 0.17 ಮಿ.ಮೀ.ಗೆ ಸಮ. ಹೀಗಾಗಿ ಎಚ್‌ಒ ಸೇತುವೆಯ ರಿವೆಟ್ಟುಗಳು ತೋಳಳತೆಯಲ್ಲಿ ನಿಂತವರಿಗೆ ಸ್ಪಷ್ಟವಾಗಿಯೂ, ಮೀಟರು ದಾಟಿ ಹಿಂದೆ ಸರಿದವರಿಗೆ ಮಸುಕಾಗಿಯೂ ಕಾಣುತ್ತವೆ. ಎನ್ ಸೇತುವೆಯವು ಮುಕ್ಕಾಲು ಮೀಟರಿನಾಚೆಗೆ ಇಲ್ಲವೆಂಬಂತೆಯೇ. ಲೇಔಟಿನ ಹಿಂಬದಿಯ ಗೋಡೆಗೆ ತಾಗಿ ನಿಲ್ಲುವ ಸೇತುವೆಗೆ ರಿವೆಟ್ಟುಗಳ ಎಣಿಕೆಯಲ್ಲಿ ಹಣ ಸುರಿಯುವುದಕ್ಕಿಂತ ಅದರ ಹೊರರೇಖೆಯ ಮೇಲೆ ಗಮನ ಕೊಡುವುದು ಲೇಸು.

ಭಾರತದ ರೈಲುಗಳನ್ನು ಮಾದರಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಎಚ್‌ಒದ 16.5 ಮಿ.ಮೀ. ಅಂತರ ಯುರೋಪು-ಅಮೆರಿಕಗಳ 1,435 ಮಿ.ಮೀ. ಹಳಿಗೆ ತಕ್ಕದ್ದು, ಭಾರತದ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ಅದಕ್ಕೆ ಇದೇ ಸ್ಕೇಲಿನಲ್ಲಿ 19 ಮಿ.ಮೀ.ಗೂ ಹೆಚ್ಚು ಅಗಲ ಬೇಕು. ಸಿದ್ಧ ಹಳಿಯನ್ನೇ ಬಳಸಿದರೆ ಗರ್ಡರುಗಳ ನಡುವಿನ ಅಂತರ, ಹಳಿಯ ಅಡಿಯ ಅಡ್ಡದಿಮ್ಮಿಗಳಾದ ಸ್ಲೀಪರುಗಳ ಉದ್ದ, ಟ್ರಸ್ಸಿನ ಒಳ ಅಗಲ ಎಲ್ಲವೂ ಕಿರಿದಾಗುತ್ತವೆ. ಇದನ್ನು ಒಪ್ಪಿಕೊಂಡು ಮುಂದುವರಿಯುವವರೇ ಹೆಚ್ಚು, ಮತ್ತು ಅದರಲ್ಲಿ ತಪ್ಪೇನೂ ಇಲ್ಲ.

ಜೋಡಣೆಯಲ್ಲಿ ಒಂದೇ ಒಂದು ಭೌತಿಕ ಸಂಗತಿ ನಿಜಕ್ಕೂ ಕಾಡುವಂಥದ್ದು. ಪಾಲಿಸ್ಟೈರೀನಿಗೆ ಬಳಸುವ ದ್ರಾವಕ ಅಂಟು ವಾಸ್ತವವಾಗಿ ಅಂಟೇ ಅಲ್ಲ. ಅದು ಎರಡು ಮೇಲ್ಮೈಗಳನ್ನೂ ತುಸು ಕರಗಿಸಿ, ಒಂದರ ಅಣುಸರಪಳಿಗಳು ಇನ್ನೊಂದರ ಸರಪಳಿಗಳೊಂದಿಗೆ ಸಿಕ್ಕುಬೀಳುವಂತೆ ಮಾಡಿ ಆವಿಯಾಗುತ್ತದೆ, ಹೀಗೆ ಉಂಟಾದದ್ದು ಒಂದು ಬಗೆಯ ಬೆಸುಗೆ. ಆದರೆ ಈ ಪ್ಲಾಸ್ಟಿಕ್ ಶಾಖಕ್ಕೆ ಹಿಗ್ಗುವ ಪ್ರಮಾಣ ಲೋಹದ ಹಳಿ ಹಿಗ್ಗುವುದರ ನಾಲ್ಕು ಪಟ್ಟಿಗೂ ಹೆಚ್ಚು. ಕೋಣೆಯ ತಾಪ 20 ಡಿಗ್ರಿ ಏರಿದರೆ 525 ಮಿ.ಮೀ.ನ ಪ್ಲಾಸ್ಟಿಕ್ ಸೇತುವೆ ಮುಕ್ಕಾಲು ಮಿಲಿಮೀಟರು ಹಿಗ್ಗುವಾಗ ಅದರ ಮೇಲಿನ ನಿಕಲ್ ಸಿಲ್ವರ್ ಹಳಿ ಹಿಗ್ಗುವುದು 0.2 ಮಿಲಿಮೀಟರಿಗೂ ಕಡಿಮೆ. ಸೇತುವೆಯ ಎರಡೂ ತುದಿಗಳನ್ನು ಭದ್ರವಾಗಿ ಅಂಟಿಸಿಬಿಟ್ಟರೆ ಬೇಸಿಗೆಯಲ್ಲಿ ಅದು ಬಾಗುತ್ತದೆ. ನಿಜದ ಸೇತುವೆಯಲ್ಲಿ ಇದೇ ಕಾರಣಕ್ಕೆ ಒಂದು ತುದಿಯ ಬೇರಿಂಗ್, ಅಂದರೆ ಸೇತುವೆ ಕೂರುವ ಆಸರೆ, ಸ್ಥಿರವಾಗಿದ್ದು ಇನ್ನೊಂದು ಉರುಳೆಗಳ ಮೇಲೆ ಜರುಗುವಂತಿರುತ್ತದೆ. ಮಾದರಿಯಲ್ಲೂ ಒಂದು ತುದಿಯನ್ನು ಅಂಟಿಸದೆ ಬಿಟ್ಟರೆ ಸಾಕು. ಅಪರೂಪಕ್ಕೆ ಇಲ್ಲಿ ಮಾತ್ರ ಮಾದರಿ ನಿಜದ ಸೇತುವೆಯನ್ನು ಬರೀ ನಟಿಸದೆ ಅದರಂತೆಯೇ ಬದುಕಬೇಕಾಗುತ್ತದೆ.

ವೆದರಿಂಗ್‌ನ ವಿಷಯಕ್ಕೆ ಬಂದರೆ, ತುಕ್ಕು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯದೆ ಅದನ್ನು ಬಿಡಿಸಲು ಹೊರಟವರು ಸೇತುವೆಯನ್ನು ಆದ್ಯಂತ ಕಿತ್ತಳೆ ಬಣ್ಣದಲ್ಲಿ ಅದ್ದುತ್ತಾರೆ. ತುಕ್ಕು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆ: ನೀರಿನ ಪದರದ ಕೆಳಗೆ ಲೋಹದ ಒಂದು ತಾಣದಲ್ಲಿ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಇನ್ನೊಂದು ತಾಣದಲ್ಲಿ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳುತ್ತದೆ, ಇವೆರಡರ ಉತ್ಪನ್ನಗಳು ನಡುವೆ ಸೇರಿ ತುಕ್ಕಾಗುತ್ತವೆ. ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಹನಿಯೊಂದನ್ನಿಟ್ಟು ನೋಡಿದ ಬ್ರಿಟಿಷ್ ವಿಜ್ಞಾನಿ ಯೂಲಿಕ್ ಇವಾನ್ಸ್ ಕಂಡದ್ದು, ಆಮ್ಲಜನಕ ಧಾರಾಳವಾಗಿ ಸಿಗುವ ಹನಿಯ ಅಂಚು ಸುರಕ್ಷಿತವಾಗಿದ್ದು ಅದು ಕಡಿಮೆ ಸಿಗುವ ನಡುಭಾಗವೇ ಸವೆಯುತ್ತದೆ, ತುಕ್ಕು ಮಾತ್ರ ಎರಡರ ನಡುವೆ ಉಂಗುರವಾಗಿ ಕೂರುತ್ತದೆ ಎಂಬುದನ್ನು. ಇದರ ಪರಿಣಾಮ ಸೇತುವೆಯ ಮೇಲೆ ಬಹಳ ದೊಡ್ಡದು. ತೆರೆದ ಮುಖಗಳು ಬೇಗ ಒಣಗಿ ಹೆಚ್ಚು ಕಾಲ ಉಳಿಯುತ್ತವೆ. ಗಾಳಿ ಆಡದ, ಕಸ ತುಂಬಿದ, ಒದ್ದೆ ಆರದ ಸಂದಿಗಳು ಮೊದಲು ಹಾಳಾಗುತ್ತವೆ. ಕೆಳತೊಲೆಯ ಮೇಲ್ಮುಖ, ಪಟ್ಟಿಗಳು ಕೂಡುವಲ್ಲಿನ ಜೋಡುತಗಡುಗಳು, ಸ್ಲೀಪರುಗಳ ಅಡಿ, ಹಕ್ಕಿಗಳು ಕೂರುವ ಅಡ್ಡಪಟ್ಟಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಬೇರಿಂಗುಗಳ ಸುತ್ತ ಧೂಳು ಕೆಸರಾಗಿ ನಿಲ್ಲುವ ಜಾಗ, ಇವು ತುಕ್ಕಿನ ನೆಲೆಗಳು. ಜೈವಿಕ ಶೌಚಾಲಯಗಳು ಬರುವ ಮೊದಲು ಭಾರತದ ಬೋಗಿಗಳಿಂದ ನೇರವಾಗಿ ಕೆಳಗೆ ಬೀಳುತ್ತಿದ್ದ ಕೊಳಕು ಹಳಿಯನ್ನೂ ಗರ್ಡರುಗಳನ್ನೂ ತಿನ್ನುತ್ತಿತ್ತೆಂಬುದು ರೈಲ್ವೆಯ ಹಳೆಯ ತಲೆನೋವು. ಆ ಕಾಲದ ಸೇತುವೆಯನ್ನು ಮಾದರಿ ಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ಹೇಳಲು ಮುಜುಗರವಾದರೂ.

ಹಾಗೆಂದು ಸೇತುವೆಯನ್ನು ತುಕ್ಕಿಗೆ ಬಿಟ್ಟುಕೊಡುವ ರೈಲ್ವೆ ಇಲ್ಲ. ಸ್ಕಾಟ್ಲೆಂಡಿನಲ್ಲಿ 1890ರಲ್ಲಿ ತೆರೆದ ಫೋರ್ತ್ ಸೇತುವೆಗೆ ಬಣ್ಣ ಬಳಿಯುವ ಕೆಲಸ ಎಂದೂ ಮುಗಿಯದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಗಾದೆಯೇ ಆಗಿತ್ತು. ಗಾಜಿನ ಚೂರುಗಳನ್ನು ಬೆರೆಸಿದ ಎಪಾಕ್ಸಿ ಲೇಪನದ ಕೆಲಸ 2011ರಲ್ಲಿ ಪೂರ್ಣಗೊಂಡ ಮೇಲೆ ಆ ಗಾದೆ ಹಳತಾಯಿತು. ಓಡಾಟವಿರುವ ಮಾರ್ಗದ ಸೇತುವೆಯಲ್ಲಿ ಕಾಣಬೇಕಾದದ್ದು ಬಿಸಿಲಿಗೆ ಬಿಳಿಚಿದ ಬಣ್ಣ, ಅದರ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ, ಚುಕ್ಕೆಯಿಂದ ಕೆಳಕ್ಕೆ ಇಳಿದ ಗೆರೆ, ಹಳಿಯ ಬದಿಯಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿಯ ಕಂದು ಲೇಪ. ಭಾರತದ ಗರ್ಡರುಗಳಿಗೆ ತುಕ್ಕುತಡೆ ಲೇಪದ ಮೇಲೆ ಅಲ್ಯೂಮಿನಿಯಂ ಬಣ್ಣ ಬಳಿಯುವ ರೂಢಿಯಿರುವುದರಿಂದ ಅವು ಬೂದು-ಬೆಳ್ಳಿ ಬಣ್ಣದಲ್ಲಿರುತ್ತವೆ, ಅವುಗಳ ಮೇಲೆ ಕೆಂಗಂದು ಗೆರೆಗಳು ಎದ್ದು ಕಾಣುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಮಾರ್ಗದ ಎತ್ತರದ ಗರ್ಡರ್ ಸೇತುವೆಗಳ ಚಿತ್ರಗಳು ಈ ದೃಷ್ಟಿಯಿಂದ ಒಳ್ಳೆಯ ಪಾಠ: ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಲೋಹಕ್ಕಿಂತ ಹೆಚ್ಚು ಬಣ್ಣಗೆಡುವುದು ಕಂಬಗಳು, ನೀರು ಜಿನುಗುವ ಕಡೆ ಕಪ್ಪು, ಅದರ ಅಂಚಿನಲ್ಲಿ ಪಾಚಿಯ ಹಸಿರು.

ನಿಜದ ಮಳೆಗೆ ಮಾದರಿಯನ್ನು ಒಡ್ಡಿದರೆ ಅದು ತಾನಾಗಿಯೇ ಹೀಗೆ ಹಳತಾಗದೇ ಎಂಬ ಪ್ರಶ್ನೆ ಸಹಜ. ಆಗದು, ಏಕೆಂದರೆ ನೀರು ಸ್ಕೇಲಿಗೆ ತಕ್ಕಂತೆ ಕುಗ್ಗುವುದಿಲ್ಲ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಉಂಟಾಗುವ ಮೇಲ್ಮೈ ಎಳೆತ ಹನಿಯ ಗಾತ್ರವನ್ನು ನಿಗದಿಪಡಿಸುತ್ತದೆ, ಮತ್ತು 2 ಮಿ.ಮೀ.ನ ಹನಿ ಎಚ್‌ಒ ಲೋಕದಲ್ಲಿ 17 ಸೆಂ.ಮೀ. ಅಗಲದ ನೀರಿನ ಉಂಡೆ. ತುಕ್ಕೂ ಅಷ್ಟೇ. ಸಾಧಾರಣ ಹವೆಯಲ್ಲಿ ಉಕ್ಕಿನ ಮೇಲ್ಮೈ ಮೊದಲ ವರ್ಷ ಸವೆಯುವುದು 25ರಿಂದ 50 ಮೈಕ್ರೋಮೀಟರು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಅದನ್ನು 87ರಿಂದ ಭಾಗಿಸಿದರೆ ಉಳಿಯುವುದು ಯಾವ ಬಣ್ಣದ ಪದರಕ್ಕಿಂತಲೂ ತೆಳು. ಆದ್ದರಿಂದ ಮಾದರಿಯ ತುಕ್ಕಿಗೆ ದಪ್ಪವಿರಕೂಡದು, ಬಣ್ಣ ಮಾತ್ರ ಇರಬೇಕು. ಮರಳು ಬೆರೆಸಿ ಉಬ್ಬಿಸಿದ ತುಕ್ಕು ಚಿತ್ರದಲ್ಲಿ ಚೆನ್ನಾಗಿ ಕಂಡರೂ ಸ್ಕೇಲಿನ ಪ್ರಕಾರ ಅದು ಅಂಗೈ ದಪ್ಪದ ಹಕ್ಕಳೆ.

ಬಣ್ಣಕ್ಕೆ ಬೇಕಾದ ದ್ರವ್ಯ ಮಾತ್ರ ಅಸಲಿಯೇ ಆಗಿರಬಹುದು. ಹೊಸ ತುಕ್ಕಿನ ಕಿತ್ತಳೆ, ಹಳೆಯದರ ಹಳದಿ ಮಿಶ್ರಿತ ಕಂದು ಮತ್ತು ಕಡುಗಂದು, ಇವೆಲ್ಲ ಕಬ್ಬಿಣದ ಆಕ್ಸೈಡುಗಳ ಮತ್ತು ನೀರು ಕೂಡಿದ ಆಕ್ಸೈಡುಗಳ ಬೇರೆ ಬೇರೆ ರೂಪಗಳು. ಹಳದಿ ಮಣ್ಣಿನಲ್ಲಿರುವ ಗೋಥೈಟ್ ಮತ್ತು ಕೆಮ್ಮಣ್ಣಿನಲ್ಲಿರುವ ಹೆಮಟೈಟ್ ಕೂಡ ಅವೇ. ಕರಾವಳಿಯ ದೇವಸ್ಥಾನಗಳ ಗೋಡೆಗಳ ಕಾವಿ ಚಿತ್ರಗಳಿಗೆ ಕೆಂಪು ಕೊಟ್ಟದ್ದೂ, ಹವ್ಯಾಸದ ಅಂಗಡಿಗಳಲ್ಲಿ ಪುಟ್ಟ ಡಬ್ಬಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ತುಕ್ಕಿನ ಪುಡಿಯೂ ರಾಸಾಯನಿಕವಾಗಿ ಒಂದೇ ಕುಟುಂಬದವು. ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ದಪ್ಪ ಕಣ ತಳಕ್ಕಿಳಿದ ಮೇಲೆ ಮೇಲಿನ ಕೆನ್ನೀರನ್ನು ಬಸಿದು ಒಣಗಿಸಿದರೆ ಉಳಿಯುವ ನುಣುಪು ಹುಡಿ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ.

ಕೆಲಸದ ಕ್ರಮ ಹೀಗಿರುತ್ತದೆ. ಮೂಲಬಣ್ಣವನ್ನು ನಿಜದ ಸೇತುವೆಯ ಬಣ್ಣಕ್ಕಿಂತ ತುಸು ತಿಳಿಯಾಗಿ ಹಚ್ಚುತ್ತಾರೆ. ದೂರದ ವಸ್ತು ಗಾಳಿಯ ಪರದೆಯಿಂದ ತಿಳಿಯಾಗಿ ಕಾಣುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವಾದರೂ ಅದು ಅಷ್ಟು ಸರಿಯಲ್ಲ, 60 ಸೆಂ.ಮೀ. ದೂರ ಎಚ್‌ಒದಲ್ಲಿ 52 ಮೀಟರಿಗೆ ಸಮ, ಅಷ್ಟು ದೂರದ ಗಾಳಿ ಬಣ್ಣವನ್ನು ಬದಲಿಸುವುದು ತೀರ ಅತ್ಯಲ್ಪ. ಹೆಚ್ಚು ಗಟ್ಟಿಯಾದ ಕಾರಣ ಬೆಳಕು: ಹೊರಗಿನ ಬಿಸಿಲು ಲಕ್ಷ ಲಕ್ಸ್ ಮುಟ್ಟುವಲ್ಲಿ ಕೋಣೆಯ ದೀಪ ಕೆಲವು ನೂರು ಲಕ್ಸ್ ಮಾತ್ರ ಕೊಡುವುದರಿಂದ ಕಡುಬಣ್ಣಗಳು ಒಳಗೆ ಕರಿಯಾಗಿ ಹೂತುಹೋಗುತ್ತವೆ. ಮೂಲಬಣ್ಣ ಆಕ್ರಿಲಿಕ್ ಆಗಿದ್ದು ಪೂರ್ತಿ ಒಣಗಿದ್ದರೆ, ಅದರ ಮೇಲೆ ಟರ್ಪೆಂಟೈನಿನಂಥ ದ್ರಾವಕದಲ್ಲಿ ತೆಳುಮಾಡಿದ ತೈಲಬಣ್ಣವನ್ನು ಹರಿಸಬಹುದು, ಏಕೆಂದರೆ ಆ ದ್ರಾವಕ ಒಣಗಿದ ಆಕ್ರಿಲಿಕ್ಕನ್ನು ಕದಡುವುದಿಲ್ಲ. ವಾಶ್ ಎಂದು ಕರೆಯುವ ಈ ತೆಳುಬಣ್ಣ ಲೋಮನಾಳ ಕ್ರಿಯೆಯಿಂದ, ಅಂದರೆ ಕಿರಿದಾದ ಸಂದಿಗಳು ದ್ರವವನ್ನು ತಾವಾಗಿಯೇ ಎಳೆದುಕೊಳ್ಳುವ ಗುಣದಿಂದ, ರಿವೆಟ್ಟುಗಳ ಬುಡಕ್ಕೂ ತಗಡುಗಳ ಅಂಚಿಗೂ ಓಡಿ ನಿಲ್ಲುತ್ತದೆ. ನಿಜದ ಸೇತುವೆಯಲ್ಲಿ ನೀರು ಮತ್ತು ಕೊಳೆ ಸೇರಿಕೊಳ್ಳುವುದೂ ಅಲ್ಲಿಯೇ ಆದ್ದರಿಂದ ಕುಂಚಕ್ಕಿಂತ ದ್ರವವೇ ಹೆಚ್ಚು ಸತ್ಯವಾಗಿ ಬರೆಯುತ್ತದೆ. ನೀರಿನ ವಾಶ್ ಆದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಮೇಲ್ಮೈ ಎಳೆತವನ್ನು ತಗ್ಗಿಸಿ ಅದು ಮಣಿಮಣಿಯಾಗಿ ನಿಲ್ಲದಂತೆ ಮಾಡುತ್ತದೆ. ಆರುವಾಗ ಅಂಚಿನಿಂದ ನೀರು ಬೇಗ ಆವಿಯಾಗಿ ಒಳಗಿನ ದ್ರವ ಬಣ್ಣದ ಕಣಗಳನ್ನು ಹೊತ್ತು ಅಂಚಿಗೆ ಹರಿಯುವುದರಿಂದ ಉಂಗುರದ ಕಲೆಗಳಾಗುತ್ತವೆ. ಚಪ್ಪಟೆ ತಗಡಿನ ನಡುವೆ ಅವು ಕಂಡರೆ ಒದ್ದೆ ಕುಂಚದಿಂದ ಕೆಳಮುಖವಾಗಿ ಎಳೆದು ಗೆರೆಗಳನ್ನಾಗಿಸಬೇಕು. ಎಳೆಯುವ ದಿಕ್ಕು ಯಾವಾಗಲೂ ನೆಲದ ಕಡೆಗೆ. ಸೇತುವೆಯನ್ನು ಮೇಜಿನ ಮೇಲೆ ಮಲಗಿಸಿ ಬಣ್ಣ ಹಚ್ಚಿದವರ ತುಕ್ಕು ಹಲವು ಸಲ ಅಡ್ಡಡ್ಡ ಹರಿದಿರುತ್ತದೆ, ಅಂಥ ಸೇತುವೆಯನ್ನು ಮತ್ತೇನು ಮಾಡಿದರೂ ಉಳಿಸಲಾಗದು.

ಮರದ ಟ್ರೆಸಲ್ ಬೇರೆಯದೇ ರಸಾಯನ. ಬಿಸಿಲಿನ ಅತಿನೇರಳೆ ಕಿರಣ ಮರದ ಕಂದುಬಣ್ಣಕ್ಕೆ ಕಾರಣವಾದ ಲಿಗ್ನಿನನ್ನು ಒಡೆದು, ಮಳೆ ಅದನ್ನು ತೊಳೆದು, ಬೂದುಬಣ್ಣದ ಸೆಲ್ಯುಲೋಸ್ ನಾರುಗಳು ಹೊರಗೆ ಉಳಿಯುತ್ತವೆ. ಉಕ್ಕಿನ ಉಣ್ಣೆಯನ್ನು ವಿನೆಗರಿನಲ್ಲಿ ನೆನೆಹಾಕಿದ ದ್ರಾವಣವನ್ನು ಕಿಟ್ಟಿನ ಮರಕ್ಕೆ ಹಚ್ಚಿದರೆ, ಕಬ್ಬಿಣ ಮರದ ಟ್ಯಾನಿನ್ನಿನೊಂದಿಗೆ ಕೂಡಿ ಅದೇ ಬೂದು ನಿಮಿಷಗಳಲ್ಲಿ ಮೂಡುತ್ತದೆ. ಟ್ಯಾನಿನ್ ಕಡಿಮೆಯಿರುವ ಮರಕ್ಕೆ ಮೊದಲು ಗಟ್ಟಿ ಚಹಾ ಬಳಿದಿರಬೇಕು. ಕಲ್ಲು ಮತ್ತು ಗಾರೆಯ ಕಂಬಗಳಲ್ಲಿ ಇಳಿಯುವುದು ಬಿಳಿಗೆರೆ, ಒಳಗಿನ ಸುಣ್ಣ ನೀರಲ್ಲಿ ಕರಗಿ ಹೊರಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಗಟ್ಟಿಯಾದದ್ದು. ನದಿಯೊಳಗಿನ ಕಂಬಕ್ಕೆ ಪ್ರವಾಹ ಮುಟ್ಟಿದ ಎತ್ತರದಲ್ಲಿ ಕೆಸರಿನ ಅಡ್ಡಗೆರೆಯೊಂದು ಬೇಕು, ಮತ್ತು ಎಲ್ಲ ಕಂಬಗಳಲ್ಲೂ ಅದು ಒಂದೇ ಮಟ್ಟದಲ್ಲಿರಬೇಕು.

ಕೊನೆಯಲ್ಲಿ ಒಣ ಪುಡಿಯನ್ನು ಮೃದುವಾದ ಕುಂಚದಿಂದ ಹಚ್ಚಿ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದಾಗ, ಅಷ್ಟು ಹೊತ್ತು ಚೆಂದವಾಗಿದ್ದ ಪುಡಿ ಕಣ್ಮುಂದೆಯೇ ಕಪ್ಪಾಗುವುದು ಅಥವಾ ಮಾಯವಾಗುವುದು ಎಲ್ಲ ಹವ್ಯಾಸಿಗಳ ಅನುಭವ. ಪುಡಿಯ ಕಣಗಳ ಸುತ್ತ ಗಾಳಿಯಿದ್ದಾಗ ಬೆಳಕು ಬಾಗುವ ಪ್ರಮಾಣದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿದ್ದು ಬೆಳಕು ಹೆಚ್ಚು ಚದುರುತ್ತದೆ. ಗಾಳಿಯ ಜಾಗವನ್ನು ವಾರ್ನಿಷ್ ತುಂಬಿದೊಡನೆ ಆ ವ್ಯತ್ಯಾಸ ಕಿರಿದಾಗಿ ಚದುರುವಿಕೆ ತಗ್ಗುತ್ತದೆ. ಹಾಗಾಗಿ ಪುಡಿಯನ್ನು ಬೇಕಾದುದಕ್ಕಿಂತ ಹೆಚ್ಚು ಹಚ್ಚಿ ವಾರ್ನಿಷ್ ಹೊಡೆಯುವುದು ಒಂದು ದಾರಿ. ಕೈ ತಾಗದ ಸೇತುವೆಯಾದರೆ ವಾರ್ನಿಷನ್ನೇ ಬಿಡುವುದು ಇನ್ನೂ ಒಳ್ಳೆಯದು. ಬಿಡುವುದಾದರೆ ಹಳಿಯ ಹತ್ತಿರ ಎಚ್ಚರ ಬೇಕು. ಮಾದರಿ ಎಂಜಿನ್ನು ಹಳಿಯ ತಲೆಯಿಂದಲೇ ವಿದ್ಯುತ್ತನ್ನು ಪಡೆಯುವುದರಿಂದ ಅಲ್ಲಿ ಬಣ್ಣವಾಗಲಿ ಪುಡಿಯಾಗಲಿ ಉಳಿಯಕೂಡದು. ಮಸಿಯನ್ನು ತೋರಿಸಲು ಬಳಸುವ ಕಪ್ಪು ಪುಡಿಯಂತೂ ಹಲವು ವೇಳೆ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಹಳಿಯ ಮಗ್ಗುಲಲ್ಲಿ ಸಡಿಲವಾಗಿ ಬಿದ್ದರೆ ಮೇಲೆ ಹಾದುಹೋಗುವ ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತ ಅದನ್ನು ಎಳೆದುಕೊಂಡು ಮೋಟಾರನ್ನು ಕೆಡಿಸಬಲ್ಲದು. ಹಳಿಯ ಪಕ್ಕದ ಮಸಿಗೆ ಇಂಗಾಲದ ಕಪ್ಪನ್ನೇ ಬಳಸಬೇಕು. ಡಬ್ಬಿಯಲ್ಲಿರುವುದು ಯಾವುದೆಂದು ತಿಳಿಯದಿದ್ದರೆ ಕಾಗದದ ಮೇಲೆ ಚಿಟಿಕೆ ಪುಡಿ ಹಾಕಿ ಅಡಿಯಲ್ಲಿ ಅಯಸ್ಕಾಂತ ಆಡಿಸಿ ನೋಡಬಹುದು.